ಹಿಮ್ಮಡಿ ನರದ ನೋವು ಮತ್ತು ನಾನು ಕಂಡುಕೊಂಡ ಪಾದರಕ್ಷೆ

ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ಹೋಗುವ ದಾರಿಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ನೋಡಿಕೊಳ್ಳುವವನು. ಬೆಳಗಿನ ಹಾಜರಿ ಮುಗಿದ ಮೇಲೆ ಬ್ಲಾಕಿನಿಂದ ಬ್ಲಾಕಿಗೆ ಏರಿಳಿಯುವುದು ನನ್ನ ದಿನದ ಹೆಚ್ಚಿನ ಕೆಲಸ. ಎರಡು ವರ್ಷಗಳ ಹಿಂದೆ ಬಲಗಾಲಿನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಅಂದರೆ ನಾವು ಹಿಮ್ಮಡಿ ನರ ಎನ್ನುವ ಆ ದಪ್ಪ ಪಟ್ಟಿ, ಬೆಳಗ್ಗೆ ಎದ್ದು ಕಾಲೂರಿದಾಗ ಬಿಗಿದು ನೋಯತೊಡಗಿತು. ಹತ್ತಿಪ್ಪತ್ತು ಹೆಜ್ಜೆ ಕುಂಟಿದರೆ ಸಡಿಲವಾಗುತ್ತಿದ್ದುದರಿಂದ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಲವು ತಿಂಗಳಲ್ಲಿ ನೋವು ಹರಡಿನ ಒಳಬದಿಗೂ ಬಂತು.

ಆಗ ಮಾಡಿದ ಮೊದಲ ತಪ್ಪೆಂದರೆ ಅಂಗಡಿಯಲ್ಲಿದ್ದ ಅತ್ಯಂತ ಮೆತ್ತನೆಯ ಶೂ ಕೊಂಡದ್ದು. ನಿಂತಾಗ ಹಾಸಿಗೆಯಂತೆ ಹಿತವಾಗಿದ್ದ ಅದರಲ್ಲಿ ಇಳಿಜಾರಿನಲ್ಲಿ ನಡೆದರೆ ಪಾದ ಹೂತು ಒಳಕ್ಕೆ ವಾಲುತ್ತಿತ್ತು. ಹದಿನೈದು ದಿನಗಳಲ್ಲಿ ಒಳಬದಿಯ ನೋವು ಹೆಚ್ಚಾಯಿತು. ಕೊನೆಗೆ ಫಿಸಿಯೋಥೆರಪಿಸ್ಟರ ಬಳಿ ಹೋದಾಗ ಅವರು ಕಾಲಿಗಿಂತ ಮೊದಲು ನನ್ನ ಹಳೆಯ ಬೂಟುಗಳನ್ನು ಕೇಳಿದರು. ಅವುಗಳನ್ನು ಮೇಜಿನ ಮೇಲೆ ಜೋಡಿಸಿ ಹಿಂಬದಿಯಿಂದ ನೋಡುವಂತೆ ಹೇಳಿದರು. ಎಡಗಾಲಿನದು ನೆಟ್ಟಗೆ ನಿಂತಿತ್ತು. ಬಲಗಾಲಿನದರ ಅಟ್ಟೆ ಒಳಬದಿಯಲ್ಲಿ ಸವೆದು, ಹಿಮ್ಮಡಿ ಹಿಡಿಯುವ ಗೋಡೆ ಕುಸಿದು, ಇಡೀ ಬೂಟು ಒಂದು ಕಡೆಗೆ ಮಲಗಿತ್ತು. "ಮೆತ್ತಗಿರೋದು ಬೇರೆ, ಹಿಡಿದು ನಿಲ್ಲಿಸೋದು ಬೇರೆ ಸಾರ್. ನಿಮಗೆ ಬೇಕಿರೋದು ಎರಡನೆಯದು" ಎಂದರು.

ಏರು ಹತ್ತುವಾಗ ಹಿಮ್ಮಡಿ ಕೆಳಗೂ ಬೆರಳು ಮೇಲೂ ಇರುವುದರಿಂದ ಮೀನಖಂಡ ಮತ್ತು ಹಿಮ್ಮಡಿ ನರ ಎರಡೂ ಹಿಗ್ಗುತ್ತವೆ. ಚಪ್ಪಟೆ ಅಟ್ಟೆ ಆ ಎಳೆತವನ್ನು ಕಡಿಮೆ ಮಾಡುವುದಿಲ್ಲ; ಮುಂಭಾಗಕ್ಕಿಂತ ಹಿಮ್ಮಡಿ 10ರಿಂದ 12 ಮಿಲಿಮೀಟರ್ ಎತ್ತರವಿರುವ ಶೂ ಕಡಿಮೆ ಮಾಡುತ್ತದೆ. ಇದು ಅರ್ಥವಾದ ಮೇಲೆ ಅಂಗಡಿಯಲ್ಲಿ ಏನು ನೋಡಬೇಕೆಂಬುದು ಸ್ಪಷ್ಟವಾಯಿತು. ಎಂ.ಜಿ. ರಸ್ತೆಯ ಅಂಗಡಿಗಳಿಗೆ ಸಂಜೆಯೇ ಹೋದೆ, ಏಕೆಂದರೆ ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ. ಮನೆಯಲ್ಲಿ ಹಾಳೆಯ ಮೇಲೆ ಎರಡೂ ಪಾದಗಳ ಅಚ್ಚು ಬರೆದುಕೊಂಡಿದ್ದೆ. ಬಲಪಾದ ಎಡಕ್ಕಿಂತ 5 ಮಿಲಿಮೀಟರ್ ಉದ್ದ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ಅಂತರವಿರುವುದರಿಂದ ದೊಡ್ಡ ಪಾದಕ್ಕೆ ತಕ್ಕಂತೆ ಕೊಳ್ಳಬೇಕು. ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಜಾರುವುದರಿಂದ ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗವನ್ನೂ ಬಿಟ್ಟುಕೊಂಡೆ.

ಪ್ರತಿ ಶೂವಿನ ಹಿಂಗೋಡೆಯನ್ನು ಎರಡು ಬೆರಳಲ್ಲಿ ಹಿಂಡಿ ನೋಡಿದೆ. ಸುಲಭವಾಗಿ ಒಳಗೆ ಹೋದದ್ದನ್ನು ಕೆಳಗಿಟ್ಟೆ. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದಾಗ ಹೊರಳಿದ್ದನ್ನೂ, ನಡುವಿನಲ್ಲೇ ಮಡಚಿಕೊಂಡದ್ದನ್ನೂ ಬಿಟ್ಟೆ, ಏಕೆಂದರೆ ಶೂ ಬೆರಳುಗಳ ಬುಡದಲ್ಲಿ ಮಾತ್ರ ಬಾಗಬೇಕು. ಒಳಅಟ್ಟೆ ಕೈಗೆ ಬಿಚ್ಚಿ ಬರುವಂತಿರಬೇಕು, ಲೇಸ್ ಇರಲೇಬೇಕು. ಒಂದು ಅಂಗಡಿಯಲ್ಲಿ "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಬಿಡಿ" ಎಂದರು. ಮೊದಲು ಆ ಮಾತು ನಂಬಿ ಒಂದು ಜೊತೆಯ ಹಣ ಕಳೆದುಕೊಂಡಿದ್ದರಿಂದ ಈ ಬಾರಿ ಒಪ್ಪಲಿಲ್ಲ. ಹಾಕಿದ ಮೊದಲ ನಿಮಿಷದಲ್ಲೇ ನೋಯಿಸುವ ಶೂ ನೋಯುವ ಕಾಲಿಗೆ ಆಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಯೊಳಗಿನ ವಿಷಯವನ್ನು ನಾನು ತಡವಾಗಿ ಗಮನಿಸಿದೆ. ಹೊರಗೆ ಎಷ್ಟು ಒಳ್ಳೆಯ ಶೂ ಹಾಕಿದರೂ ಬಂದ ತಕ್ಷಣ ಬಿಚ್ಚಿ ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ, ಹಿತ್ತಲಿಗೆ ಹೋಗುವಾಗ ಸವೆದ ಹವಾಯಿ ಚಪ್ಪಲಿಯಲ್ಲಿ ಓಡಾಡುತ್ತಿದ್ದೆ. ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿ ಜಾರದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಬಿಗಿ ಹಿಡಿಯುತ್ತವೆ. ಹಿಂಪಟ್ಟಿಯಿರುವ ಒಂದು ಜೊತೆ ಎಂಸಿಆರ್ (ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರ್) ಚಪ್ಪಲಿಯನ್ನು ಮನೆಗೆಂದೇ ಇಟ್ಟುಕೊಂಡೆ. "ಮನೆ ಒಳಗೂ ಚಪ್ಪಲಿನೇನೋ?" ಎಂದು ಅಮ್ಮ ಬೇಸರಪಟ್ಟರು, ಅಡುಗೆಮನೆ, ದೇವರ ಕೋಣೆಗೆ ಬರುವುದಿಲ್ಲ ಎಂದ ಮೇಲೆ ಒಪ್ಪಿದರು. ಬೆಳಗಿನ ಬಿಗಿತ ಮೊದಲು ಇಳಿದದ್ದು ಈ ಬದಲಾವಣೆಯ ನಂತರವೇ.

ಮಳೆಗಾಲದ ಗಮ್ ಬೂಟು ಬೇರೆಯೇ ಕಷ್ಟ. ಅದರೊಳಗೆ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತದೆ, ಕಟ್ಟಲು ಲೇಸಿಲ್ಲ. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಗಟ್ಟಿ ರಬ್ಬರ್ ಹಾಳೆಯಿಂದ ತಲಾ 4 ಮಿಲಿಮೀಟರಿನ ಎರಡೆರಡು ತುಂಡು ಕತ್ತರಿಸಿ, ಮುಂದಿನ ಅಂಚನ್ನು ಇಳಿಜಾರಾಗಿ ಉಜ್ಜಿ, ಎರಡೂ ಬೂಟುಗಳ ಹಿಮ್ಮಡಿಗೆ ಪದರವಾಗಿ ಅಂಟಿಸಿಕೊಟ್ಟರು. ಒಂದೇ ಕಾಲಿಗೆ ಹಾಕಿದರೆ ಸೊಂಟ ವಾಲುತ್ತದೆ. ದಪ್ಪ ಕಾಲುಚೀಲ ಸೇರಿಸಿದ ಮೇಲೆ ಜಾರುವುದು ಬಹುಮಟ್ಟಿಗೆ ನಿಂತಿತು.

ಪಾದರಕ್ಷೆ ನೋವಿನ ಭಾರವನ್ನು ಇಳಿಸಿತೇ ಹೊರತು ನರಕ್ಕೆ ಬಲ ಕೊಟ್ಟದ್ದು ವ್ಯಾಯಾಮ: ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು, 15ರಂತೆ ಮೂರು ಸುತ್ತು, ದಿನಕ್ಕೆರಡು ಬಾರಿ, 12 ವಾರ. ಹರಡಿನ ಒಳಬದಿಗೆ ಬೇರೆ ವ್ಯಾಯಾಮ ಹೇಳಿದ್ದರು. ಹೊಸ ಶೂವನ್ನೂ ಮೊದಲ ವಾರ ದಿನಕ್ಕೆ ಒಂದು ಗಂಟೆ ಮಾತ್ರ ಹಾಕಿ, ಮರುದಿನ ಬೆಳಗಿನ ಬಿಗಿತ ಹೆಚ್ಚಿಲ್ಲವೆಂದರೆ ಮಾತ್ರ ಸಮಯ ಏರಿಸಿದೆ.

ನೋವು ತಗ್ಗಿದ ಮೇಲೆ ಗಮ್ ಬೂಟಿನ ಮೇಲಿನ ಪದರವನ್ನು ಕಿತ್ತೆ. ಕೆಳಗಿನದು ಇನ್ನೂ ಇದೆ. ತೋಟದ ತುದಿಯ ಕಡಿದಾದ ಬ್ಲಾಕನ್ನು ಸತತ ಒಂದು ವಾರ ಹತ್ತಿಳಿದರೂ ಬೆಳಗ್ಗೆ ನರ ಬಿಗಿಯದಿದ್ದಾಗ ಅದನ್ನೂ ತೆಗೆಯುತ್ತೇನೆ.