ಪಚ್ಚಿಲೆ, ಸಿಂಪಿ ಸಾಕುವವರೇ, ಹಳೇ ದೋಣಿ ಬಣ್ಣದ ಬಗ್ಗೆ ಎಚ್ಚರ
ಪಚ್ಚಿಲೆ, ಸಿಂಪಿ ಬೆಳೆಸುವ ಹಗ್ಗ ನೀರಿಗೆ ಇಳಿಬಿಡುವ ಮೊದಲು ಹತ್ತಿರದಲ್ಲಿ ದೋಣಿ ಕೆರೆದು ಬಣ್ಣ ಹಚ್ಚುವ ಜಾಗ ಇದೆಯಾ ನೋಡಿ. ಹಳೇ ಬಣ್ಣದಲ್ಲಿದ್ದ ಟಿಬಿಟಿ ಎಂಬ ತವರದ ವಿಷ ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಸಾಕು, ಪೆಸಿಫಿಕ್ ಸಿಂಪಿಯ ಚಿಪ್ಪು ಕೆಡುತ್ತದೆ. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ಸಿಂಪಿ ಮರಿಗಳೇ ನೆಲೆಯೂರಲಿಲ್ಲ. 1982ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣ ನಿಷೇಧಿಸಿದ ಮೇಲೆ ಚೇತರಿಸಿತು.

ಸಿಂಪಿಯಲ್ಲಿ ಗುರುತು ಸುಲಭ: ಚಿಪ್ಪು ಉಂಡೆಯಂತೆ ದಪ್ಪ, ಒಡೆದರೆ ಪದರಗಳ ನಡುವೆ ಲೋಳೆ ತುಂಬಿದ ಗೂಡು, ಮಾಂಸ ಮಾತ್ರ ಚಿಕ್ಕದು. ಗೂಡಿನಲ್ಲಿ ಬರೀ ಕೆಸರಿದ್ದರೆ ಸಾಮಾನ್ಯವಾಗಿ ಚಿಪ್ಪು ಕೊರೆಯುವ ಹುಳದ ಕೆಲಸ.

ಇಳಿತದಲ್ಲೂ ಹಗ್ಗದ ತುದಿ ಕೆಸರಿನಿಂದ ಅರ್ಧ ಮೀಟರಾದರೂ ಮೇಲಿರಲಿ. ಕಿತ್ತ ಪಚ್ಚಿಲೆ, ಸಿಂಪಿಯನ್ನು ಶುದ್ಧ ಉಪ್ಪುನೀರಲ್ಲಿ 24–48 ಗಂಟೆ ಜೀವಂತ ಇಟ್ಟರೆ ಮರಳು, ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಟಿಬಿಟಿ, ಪಿಸಿಬಿ (ಹಳೇ ವಿದ್ಯುತ್ ಉಪಕರಣಗಳ ಎಣ್ಣೆಯಲ್ಲಿದ್ದ ವಿಷ) ಅಷ್ಟರಲ್ಲಿ ಹೋಗಲ್ಲ, ಬೇಯಿಸಿದರೂ ಅಷ್ಟೇ.