ಶೂ ಕಳಚಿದ ಮೇಲಿನ ಎತ್ತರ: ಎನ್‌ಬಿಎ ಪಟ್ಟಿಯನ್ನು ಟಿವಿ ಚಿತ್ರದಿಂದ ತಿದ್ದಿದ ನನ್ನ ಅನುಭವ

"ಚಿತ್ರ ನೋಡಿ ಎತ್ತರ ಹೇಳೋದು, ಕೈರೇಖೆ ನೋಡಿ ಆಯಸ್ಸು ಹೇಳಿದ ಹಾಗೆ" ಎಂದು ನನ್ನನ್ನು ಎರಡು ಸೀಸನ್ ಆಡಿಕೊಂಡವರು 2019ರ ಅಕ್ಟೋಬರ್ ಆದಮೇಲೆ ಸುಮ್ಮನಾದರು. ಆ ವರ್ಷ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಒಂದು ನಿಯಮ ತಂತು. ತರಬೇತಿ ಶಿಬಿರದ ಮೊದಲ ವಾರದೊಳಗೆ ಪ್ರತಿ ಆಟಗಾರನ ಎತ್ತರವನ್ನು ಶೂ ಇಲ್ಲದೆ ಅಳೆದು, ತಂಡದ ವೈದ್ಯರೇ ಖಚಿತಪಡಿಸಿ ಕೊಡಬೇಕು. ಅಲ್ಲಿಯವರೆಗೆ ಶೂ ಹಾಕಿ ಅಳೆದದ್ದು, ಕಾಲೇಜಿನವರು ಬರೆದುಕೊಟ್ಟದ್ದು, ಆಟಗಾರನೇ ಹೇಳಿದ್ದು ಎಲ್ಲ ಒಂದೇ ಪಟ್ಟಿಯಲ್ಲಿ ಕಲಸಿಹೋಗಿತ್ತು. ಹೊಸ ಪಟ್ಟಿ ಬಂದಾಗ ಕೆವಿನ್ ಲವ್ 6 ಅಡಿ 10 ಇಂಚಿನಿಂದ 6 ಅಡಿ 8ಕ್ಕೆ ಇಳಿದ. ಜೆ.ಜೆ. ಬರೇಯಾ 6 ಅಡಿಯಿಂದ 5 ಅಡಿ 10ಕ್ಕೆ. ಡ್ರೇಮಂಡ್ ಗ್ರೀನ್, ಕೆಂಬಾ ವಾಕರ್ ತಲಾ ಒಂದು ಇಂಚು ಕಳೆದುಕೊಂಡರು. ಕೆವಿನ್ ಡ್ಯುರಾಂಟ್ ಮಾತ್ರ ತಿರುಗಾಮುರುಗಾ, 6 ಅಡಿ 9 ಇದ್ದವನು 6 ಅಡಿ 10 ಆದ.

ನಾನು ಅದಕ್ಕೂ ಮೊದಲೇ ಟಿವಿ ಚಿತ್ರ ಅಳೆದು ಇನ್ನೂರು ಚಿಲ್ಲರೆ ಆಟಗಾರರ ಬರಿಗಾಲ ಎತ್ತರ ಕಟ್ಟಿಟ್ಟಿದ್ದೆ. ಹೊಸ ಪಟ್ಟಿ ಪಕ್ಕದಲ್ಲಿಟ್ಟು ನೋಡಿದರೆ, ನೆನಪಿನ ಮೇಲೆ ಹೇಳುವುದಾದರೆ, ಹತ್ತರಲ್ಲಿ ಎಂಟು ಜನ ಅರ್ಧ ಇಂಚಿನ ಆಚೀಚೆ ಕೂತಿದ್ದರು. ಒಂದು ಇಂಚಿಗಿಂತ ಹೆಚ್ಚು ತಪ್ಪಿದವರು ಹತ್ತು ಹನ್ನೆರಡು ಮಂದಿ. ಪಟ್ಟಿ ಬರುವುದೇ ಇಡೀ ಇಂಚಿನಲ್ಲಾದ್ದರಿಂದ ಇದಕ್ಕಿಂತ ಚೆನ್ನಾಗಿ ಪರೀಕ್ಷಿಸಲೂ ಆಗುವುದಿಲ್ಲ.

ಮೊದಲು ಕೈ ಸುಟ್ಟುಕೊಂಡ ದಾರಿಗಳು. ಎಲ್ಲರಿಗೂ ಮೊದಲು ಹೊಳೆಯುವುದು ರಿಮ್, ಚೆಂಡು ಹಾಕುವ ಬಳೆ. ಹತ್ತು ಅಡಿ, ಎಲ್ಲ ಕಡೆ ಒಂದೇ, ಹಾಗಾಗಿ ಅದೇ ಅಳತೆಗೋಲು ಎಂದುಕೊಳ್ಳುತ್ತೇವೆ. ಆಗುವುದಿಲ್ಲ. ಪ್ರಸಾರದ ಮುಖ್ಯ ಕ್ಯಾಮೆರಾ ಗ್ಯಾಲರಿ ಎತ್ತರದಿಂದ ಕೆಳಕ್ಕೆ ನೋಡುತ್ತದೆ. ರಿಮ್ ಇರುವ ಆಳ ಬೇರೆ, ಆಟಗಾರ ನಿಂತ ಆಳ ಬೇರೆ. ಅವನು ಕ್ಯಾಮೆರಾ ಕಡೆಗೆ ಎರಡು ಹೆಜ್ಜೆ ಇಟ್ಟರೆ ಎತ್ತರದ ಲೆಕ್ಕ ಇಂಚುಗಟ್ಟಲೆ ಜಾರುತ್ತದೆ. ರಿಮ್ ಹಿಂದಿನ ಬೋರ್ಡಿನ ಮೇಲಿನ 24 ಇಂಚು ಅಗಲ, 18 ಇಂಚು ಎತ್ತರದ ಚೌಕವನ್ನು ಹಿಡಿದೂ ನೋಡಿದೆ, ಅದೇ ಹಣೆಬರಹ. ಎರಡು ತಿಂಗಳ ಸಂಜೆಗಳು ಇದರಲ್ಲೇ ಕರಗಿದವು.

ಆಮೇಲೆ ದುಡ್ಡಿನಿಂದ ಗೆಲ್ಲಲು ಹೋದದ್ದು. ಒಂದು ಚಿತ್ರಸಂಸ್ಥೆಯಿಂದ ದೊಡ್ಡ ಅಳತೆಯ ಆರು ಚಿತ್ರ ಕೊಂಡೆ, ಹದಿನೆಂಟು ಸಾವಿರದ ಹತ್ತಿರ ಹೋಯಿತು. ಐದು ಚಿತ್ರ ಅಂಚು ಕತ್ತರಿಸಿದವು. ಕತ್ತರಿಸಿದ ಚಿತ್ರದಲ್ಲಿ ಲೆನ್ಸಿನ ನಡುಬಿಂದು ಎಲ್ಲಿತ್ತೆಂದೇ ತಿಳಿಯುವುದಿಲ್ಲ, ನನ್ನ ಕೆಲಸಕ್ಕೆ ರದ್ದಿ. ಎತ್ತರ ಅಳೆಯುವ ಕೋಲು ತರಿಸಿದ್ದು ಸುಮಾರು ಆರು ಸಾವಿರ. ಉಕ್ಕಿನ ಟೇಪ್ ಇಟ್ಟು ನೋಡಿದರೆ ಎರಡು ಮೀಟರಿಗೆ ಆರು ಮಿಲಿಮೀಟರ್ ಸುಳ್ಳು. ಕೋಲಿನ ಮೂರು ತುಂಡು ಸೇರುವ ಜಾಗದಲ್ಲಿ ಸಂದಿ ಬಿಟ್ಟುಕೊಂಡಿತ್ತು. ಕಾಲು ಇಂಚಿಗಾಗಿ ಗುದ್ದಾಡುವವನಿಗೆ ಆರು ಮಿಲಿಮೀಟರ್ ಎಂದರೆ ಅದೇ ಕಾಲು ಇಂಚು. ಕೊನೆಗೆ ಗೋಡೆಗೆ ಟೇಪ್ ಅಂಟಿಸಿ, ಬಡಗಿಯ ಮೂಲೆಮಟ್ಟ ತಲೆಯ ಮೇಲಿಟ್ಟು ಅಳೆದದ್ದೇ ಸರಿ ಬಂತು. ಖರ್ಚು ಇನ್ನೂರು ರೂಪಾಯಿ.

ಕೆಲಸ ಕೊಟ್ಟದ್ದು ರಾಷ್ಟ್ರಗೀತೆಯ ಸಾಲು. ಆಟ ಶುರುವಾಗುವ ಮುಂಚೆ ಇಡೀ ತಂಡ ಒಂದು ಗೆರೆಯ ಮೇಲೆ, ಶೂ ಹಾಕಿ, ಓಡಾಡದೆ ನಿಲ್ಲುವ ಒಂದೂವರೆ ನಿಮಿಷ ಅದು. ಸಾಲಿನ ಪಕ್ಕದಲ್ಲೇ ಕ್ಯಾಮೆರಾ ಹಿಡಿದು ನಡೆದುಹೋಗುವ ಶಾಟ್ ಬೇಡ, ಹತ್ತಿರದಿಂದ ತೆಗೆದದ್ದರಲ್ಲಿ ಮುಂದೆ ಬಾಗಿದ ತಲೆಯೂ ಎತ್ತರವಾಗಿ ಕಾಣುತ್ತದೆ. ಕೋರ್ಟಿನ ಆಚೆ ಬದಿಯಿಂದ, ಹೆಗಲ ಮೇಲಿನ ಕ್ಯಾಮೆರಾದಿಂದ ಐದಾರು ಜನ ಒಟ್ಟಿಗೆ ಬರುವ ಶಾಟ್ ಬೇಕು.

ಹೆಗಲ ಮೇಲಿನ ಕ್ಯಾಮೆರಾವೇ ಯಾಕೆ ಎಂಬುದರಲ್ಲೇ ಇಡೀ ಗುಟ್ಟಿದೆ. ಕ್ಯಾಮೆರಾ ನೆಲದಿಂದ 165 ಸೆಂಟಿಮೀಟರ್ ಮೇಲಿದ್ದರೆ ದಿಗಂತದ ಗೆರೆ, ಅಂದರೆ ಚಿತ್ರದಲ್ಲಿ ಕ್ಯಾಮೆರಾದ ಎತ್ತರಕ್ಕೆ ಬರುವ ಅಡ್ಡಗೆರೆ, ಎಲ್ಲ ಆಟಗಾರರನ್ನೂ ನೆಲದಿಂದ 165ಕ್ಕೇ ಕತ್ತರಿಸುತ್ತದೆ, ಹತ್ತಿರ ನಿಂತಿರಲಿ ದೂರ ನಿಂತಿರಲಿ. ಎರಡು ಮೀಟರಿನ ಆಟಗಾರ ಚಿತ್ರದಲ್ಲಿ 400 ಪಿಕ್ಸೆಲ್ ಇದ್ದಾನೆ ಎನ್ನಿ. ಪಾದದಿಂದ ಗೆರೆಯವರೆಗೆ 330, ಗೆರೆಯಿಂದ ನೆತ್ತಿಗೆ 70. ಪಾದ ನೆಲ ಮುಟ್ಟುವ ಜಾಗ ಯಾವತ್ತೂ ಸ್ಪಷ್ಟ ಇರುವುದಿಲ್ಲ, ಹೊಳೆಯುವ ಮರದ ನೆಲದಲ್ಲಿ ಶೂವಿನ ಪ್ರತಿಬಿಂಬ ಸೇರಿಕೊಂಡಿರುತ್ತದೆ. ಅಲ್ಲಿ ಐದು ಪಿಕ್ಸೆಲ್ ತಪ್ಪಿದರೆ ನೇರ ಅಳತೆಯಲ್ಲಿ ಎರಡೂವರೆ ಸೆಂಟಿಮೀಟರ್ ಹೋಯಿತು. ದಿಗಂತದ ಗೆರೆಯಿಂದ ಮೇಲಕ್ಕೆ ಲೆಕ್ಕ ಹಾಕಿದರೆ ಅದೇ ತಪ್ಪು ಅರ್ಧ ಸೆಂಟಿಮೀಟರಿಗೆ ಇಳಿಯುತ್ತದೆ. ಗೆರೆ ನೆತ್ತಿಗೆ ಹತ್ತಿರವಾದಷ್ಟೂ ಪಾದದ ತಪ್ಪು ಲೆಕ್ಕಕ್ಕೇ ಬರುವುದಿಲ್ಲ.

ಆದರೆ ಗೆರೆಯೇ ಐದು ಪಿಕ್ಸೆಲ್ ತಪ್ಪಿದರೆ ಎತ್ತರ ಮೂರು ಸೆಂಟಿಮೀಟರ್ ಹಾರುತ್ತದೆ. ಇದೇ ಕಾರಣಕ್ಕೆ ಒಬ್ಬೊಬ್ಬನ ಎತ್ತರ ತೆಗೆಯುವುದನ್ನು ಪೂರ್ತಿ ಬಿಟ್ಟೆ. ಒಂದು ಚಿತ್ರದಲ್ಲಿ ಗೆರೆಯ ತಪ್ಪು ಎಲ್ಲರಿಗೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಇಬ್ಬರ ನಡುವಿನ ವ್ಯತ್ಯಾಸ ಮಾತ್ರ ತೆಗೆದುಕೊಂಡರೆ ಅದು ತಾನಾಗಿ ಕಳೆದುಹೋಗುತ್ತದೆ. ಇವನು ಅವನಿಗಿಂತ ನಾಲ್ಕು ಸೆಂಟಿಮೀಟರ್ ಎತ್ತರ, ಅವನು ಇನ್ನೊಬ್ಬನಿಗಿಂತ ಎರಡು ಗಿಡ್ಡ. ಇಂಥ ಸಾವಿರಗಟ್ಟಲೆ ವ್ಯತ್ಯಾಸ ಕೂಡಿಹಾಕಿ ಲೀಸ್ಟ್ ಸ್ಕ್ವೇರ್ಸ್‌ಗೆ ಹಾಕುವುದು, ಅಂದರೆ ಎಲ್ಲ ವ್ಯತ್ಯಾಸಗಳಿಗೂ ಒಟ್ಟಾರೆ ಅತಿ ಹತ್ತಿರ ಹೊಂದುವ ಎತ್ತರ ಹುಡುಕುವ ಲೆಕ್ಕಕ್ಕೆ. ತಂಡದೊಳಗಿನ ಕೊಂಡಿ ರಾಷ್ಟ್ರಗೀತೆಯ ಸಾಲಿನಿಂದ. ತಂಡ ತಂಡಗಳ ನಡುವೆ ಕೊಂಡಿ ಬೇಕಲ್ಲ, ಅದು ಫ್ರೀ ಥ್ರೋ (ಫೌಲ್ ಆದಾಗ ಕೊಡುವ ಎಸೆತ) ಹೊತ್ತಿಗೆ ಎರಡೂ ಕಡೆ ನಿಲ್ಲುವ ಆಟಗಾರರಿಂದ, ಜೊತೆಗೆ ತಂಡ ಬದಲಿಸಿದವರಿಂದ. ಸೀಸನ್ ನಡುವೆ ಮಾರಾಟವಾದ ಬೆಂಚಿನ ಆಟಗಾರ ನನಗೆ ಯಾವ ಸ್ಟಾರಿಗಿಂತಲೂ ಬೆಲೆಬಾಳುವವನು. ಎರಡು ತಂಡಗಳನ್ನು ಹೊಲಿಯುವ ದಾರ ಅವನೇ.

ಕ್ಯಾಮೆರಾ ಓರೆಯಾಗಿದೆಯೇ ನೋಡದೆ ಮುಂದೆ ಹೋಗಬೇಡಿ. ಒಂದು ಡಿಗ್ರಿ ಓರೆ ಇದ್ದರೆ ಸಾವಿರ ಪಿಕ್ಸೆಲ್ ಅಗಲಕ್ಕೆ 17 ಪಿಕ್ಸೆಲ್ ಏರುಪೇರು, ಅಂದರೆ ಎಂಟೂವರೆ ಸೆಂಟಿಮೀಟರ್. ಮೊದಲ ಸುತ್ತಿನಲ್ಲಿ ನನ್ನ ಹಾಳೆಯಲ್ಲಿ ಸಾಲಿನ ಬಲತುದಿಗೆ ನಿಂತವರೆಲ್ಲ ದೈತ್ಯರಾಗಿದ್ದರು. ಯಾಕೆಂದು ಹುಡುಕಲು ಮೂರು ವಾರ ಹಿಡಿಯಿತು. ಈಗ ಮೊದಲ ಕೆಲಸವೇ ಹಿಂದಿನ ಬೋರ್ಡಿನ ಕಂಬ, ಸ್ಕೋರರ್ ಮೇಜಿನ ಕಾಲು ಇವುಗಳ ನೇರ ನೋಡಿ ಚಿತ್ರ ತಿರುಗಿಸುವುದು. ಮೇಜಿನ ಮುಂದಿನ ಎಲ್‌ಇಡಿ ಪಟ್ಟಿಯ ಅಂಚನ್ನು ನಂಬಬೇಡಿ, ಕ್ಯಾಮೆರಾ ಅಡ್ಡಕೋನದಲ್ಲಿದ್ದರೆ ಆ ಅಂಚು ನಿಜಕ್ಕೂ ಓರೆಯಾಗಿಯೇ ಕಾಣಬೇಕು.

ನಿಲ್ಲುವ ಭಂಗಿ ಇನ್ನೊಂದು ಕಾಟ. ಕಾಲು ಅಗಲಿಸಿ ನಿಂತರೆ, ಪ್ರತಿ ಪಾದ ಸೊಂಟದ ನೇರದಿಂದ 15 ಸೆಂಟಿಮೀಟರ್ ಹೊರಗೆ ಹೋದರೆ, ಒಂದು ಮೀಟರ್ ಉದ್ದದ ಕಾಲಿಗೆ 1.1 ಸೆಂಟಿಮೀಟರ್ ನಷ್ಟ. ಅದನ್ನು ಕೂಡಿಸಿಕೊಳ್ಳಬಹುದು. ತಲೆ ಬಗ್ಗಿಸಿದರೆ ಮೂರರಿಂದ ಐದು, ಅದನ್ನು ಕೂಡಿಸಲು ಬರುವುದಿಲ್ಲ, ಆ ಫ್ರೇಮ್ ಬಿಸಾಡಿ. ಗೀತೆ ಮುಗಿದು ಚಪ್ಪಾಳೆ ಶುರುವಾಗುವ ಎರಡು ಮೂರು ಸೆಕೆಂಡಿನಲ್ಲಿ ಬಹುಪಾಲು ಜನ ತಲೆ ಎತ್ತುತ್ತಾರೆ, ನನ್ನ ಒಳ್ಳೆಯ ಫ್ರೇಮುಗಳೆಲ್ಲ ಅಲ್ಲಿಂದಲೇ ಬಂದವು. ಒಬ್ಬನಿಗೆ ನಲವತ್ತು ಫ್ರೇಮ್ ಸಿಕ್ಕಿದರೆ ಅತಿ ದೊಡ್ಡ ಸಂಖ್ಯೆಯನ್ನು ಆರಿಸಬೇಡಿ, ಅದು ಪಿಕ್ಸೆಲ್ ಗದ್ದಲ. ಮೇಲಿನಿಂದ ನಾಲ್ಕೋ ಐದನೆಯದೋ ತಗೊಳ್ಳಿ. 1080ಐ ಪ್ರಸಾರದಲ್ಲಿ ಒಂದು ಬಿಟ್ಟು ಒಂದು ಸಾಲು ಬೇರೆ ಕ್ಷಣದ್ದು, ಬಾಚಣಿಗೆ ಹಲ್ಲಿನ ಹಾಗೆ ಅಂಚು ಕಾಣುತ್ತದೆ. ಸಾಲುಗಳನ್ನು ಬೇರ್ಪಡಿಸಿಕೊಳ್ಳದೆ ಅಳೆದರೆ ನೆತ್ತಿ ಎಲ್ಲಿದೆ ಎಂಬುದೇ ಜಗಳ. ಇಎಸ್‌ಪಿಎನ್ ಚಾನೆಲಿನ 720ಪಿ ಚಿತ್ರ ಸಣ್ಣದಾದರೂ ಅದರಲ್ಲಿ ಎಲ್ಲ ಸಾಲೂ ಒಂದೇ ಕ್ಷಣದ್ದು, ನನಗೆ ಅದೇ ಇಷ್ಟ.

ಕೂದಲಿನ ವಿಷಯ ಕೇಳುತ್ತೀರಿ. ಕೇಳಬೇಡಿ. ಜಡೆ, ಜುಟ್ಟು, ಅಫ್ರೋ ಇದ್ದವರ ನೆತ್ತಿ ಹಿಡಿಯಲು ಮುಖದ ಎರಡು ಬಿಂದುಗಳಿಂದ ಒಂದು ಲೆಕ್ಕ ಕಟ್ಟಿಕೊಂಡಿದ್ದೇನೆ. ಅದಕ್ಕೆ ಒಂದು ಮಳೆಗಾಲ ಪೂರ್ತಿ ಹೋಗಿದೆ, ಅದು ನನ್ನ ಹತ್ತಿರವೇ ಇರಲಿ. ಯಾವ ಎರಡು ಬಿಂದು ಎಂದು ಊಹಿಸುವವರು ಕಿವಿಯಿಂದ ಶುರುಮಾಡಿದರೆ ಉತ್ತರದ ಹತ್ತಿರವಿದ್ದೀರಿ ಎಂದಷ್ಟೇ ಹೇಳಬಲ್ಲೆ.

ವ್ಯತ್ಯಾಸಗಳ ಬಲೆ ಎಷ್ಟೇ ಗಟ್ಟಿಯಿದ್ದರೂ ಅದು ಗಾಳಿಯಲ್ಲಿ ತೇಲುತ್ತಿರುತ್ತದೆ, ನೆಲಕ್ಕೆ ಗೂಟ ಹೊಡೆಯಬೇಕು. ಗೂಟಗಳು ಡ್ರಾಫ್ಟ್ ಕಂಬೈನ್‌ನವು, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವ ಮುಂಚೆ ಅವರನ್ನು ಅಳೆದು ಪರೀಕ್ಷಿಸುವ ಶಿಬಿರದವು. ಅಲ್ಲಿ ಕಾಲು ಇಂಚಿನವರೆಗೆ ಬರಿಗಾಲಲ್ಲಿ ಅಳೆಯುತ್ತಿದ್ದರು, ಹಳೆಯ ವರ್ಷಗಳಲ್ಲಿ ಶೂ ಹಾಕಿದ್ದೂ ಪಕ್ಕದಲ್ಲೇ ಇರುತ್ತಿತ್ತು. ಆ ಎರಡು ಕಾಲಂ ಪಕ್ಕಪಕ್ಕ ನೋಡಿದರೆ "ಶೂ ಅಂದರೆ ಒಂದು ಇಂಚು ಕಳೆ" ಎಂಬ ಎಲ್ಲರ ಸೂತ್ರ ಬಿದ್ದುಹೋಗುತ್ತದೆ. ಡ್ಯುರಾಂಟ್ 2007ರಲ್ಲಿ ಬರಿಗಾಲಲ್ಲಿ 6 ಅಡಿ 9, ಶೂ ಹಾಕಿ 6 ಅಡಿ 10¼. ಒಂದೂಕಾಲು ಇಂಚು. ವಾಕರ್ 2011ರಲ್ಲಿ 5 ಅಡಿ 11½ ಮತ್ತು 6 ಅಡಿ 1. ಒಂದೂವರೆ. ಲವ್ 2008ರಲ್ಲಿ 6 ಅಡಿ 7¾ ಮತ್ತು 6 ಅಡಿ 9½. ಗ್ರೀನ್ 2012ರಲ್ಲಿ 6 ಅಡಿ 5¾ ಮತ್ತು 6 ಅಡಿ 7½. ಇಬ್ಬರಿಗೂ ಒಂದೂ ಮುಕ್ಕಾಲು. ಅಡಿಭಾಗದ ದಪ್ಪ, ಒಳಗಿನ ಇನ್‌ಸೋಲ್ ಎಲ್ಲ ಶೂವಿನಿಂದ ಶೂವಿಗೆ ಬೇರೆ. ನನ್ನ ಲೆಕ್ಕದಲ್ಲಿ ಎಲ್ಲರಿಗೂ 3.5 ಸೆಂಟಿಮೀಟರ್ ಕಳೆದು, ಶೂ ಮಾದರಿ ಗೊತ್ತಿದ್ದರೆ ಮಾತ್ರ ತಿದ್ದುತ್ತೇನೆ.

ಲವ್ ಮತ್ತು ಗ್ರೀನ್ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಹಳೆಯ ಪಟ್ಟಿಯಲ್ಲಿ ಇದ್ದದ್ದು ಶೂ ಹಾಕಿದ ಎತ್ತರ, ಲವ್‌ಗೆ ಅದನ್ನೂ ಮೇಲಕ್ಕೆ ದುಂಡು ಮಾಡಿದ್ದು. 2019ರಲ್ಲಿ ಬಂದದ್ದು ಕಂಬೈನ್‌ನ ಬರಿಗಾಲ ಅಳತೆಯನ್ನೇ ಹತ್ತಿರದ ಇಂಚಿಗೆ ತಂದ ಹಾಗಿದೆ. ಯಾವ ಚಿತ್ರವೂ ಇಲ್ಲದೆ, ಬರೀ ಹಳೆಯ ಕಂಬೈನ್ ಕಾಗದ ನೋಡಿದ್ದರೂ ಅರ್ಧ ಜನರದ್ದು ಹೇಳಬಹುದಿತ್ತು ಎಂದು ಕೆಲವರು ಮೂಗು ಮುರಿದರು. ಹೌದು. ಉಳಿದರ್ಧ ಜನ ಕಂಬೈನ್‌ಗೆ ಹೋಗಿಯೇ ಇಲ್ಲ, ಹೋದವರಲ್ಲಿ ಕೆಲವರು ಆಮೇಲೆ ಬೆಳೆದರು.

ಬೆಳೆದವರೇ ನನ್ನನ್ನು ಕೆಡಿಸಿದ್ದು. ಡ್ಯುರಾಂಟ್ ಕಂಬೈನ್‌ಗೆ ಬಂದಾಗ ಹದಿನೆಂಟು. ಅವನ 6 ಅಡಿ 9ನ್ನು ಗೂಟ ಮಾಡಿದೆ, ಅವನ ಜೊತೆ ಆಡಿದವರೆಲ್ಲ ಒಂದು ಇಂಚು ಕುಗ್ಗಿದರು. ಯಾನಿಸ್ ಆಂಟೆಟೊಕೌಂಪೊ ಅಂತೂ 6 ಅಡಿ 9 ಎಂದು ಸೇರಿ 6 ಅಡಿ 11ಕ್ಕೆ ಹೋದವನು. ಈಗ ಅಳತೆಯ ದಿನಕ್ಕೆ ಇಪ್ಪತ್ತೊಂದು ತುಂಬಿರದವರನ್ನು ಗೂಟವಾಗಿ ಬಳಸುವುದಿಲ್ಲ. ಹಾಗೆ ಸೋಸಿದ ಮೇಲೆ ನಲವತ್ತು ಚಿಲ್ಲರೆ ಉಳಿದವು, ಸಾಕು.

ವಿಧಾನ ಸರಿಯೋ ಎಂದು ನೋಡಲು ಬೆಂಗಳೂರಿನ ಒಂದು ಕೋರ್ಟಿನಲ್ಲಿ ಒಂಬತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಗೋಡೆಯ ಟೇಪಿನಲ್ಲೂ ಅಳೆದು, ಚಿತ್ರದಿಂದಲೂ ತೆಗೆದೆ. ವ್ಯತ್ಯಾಸದ ತಪ್ಪು ಸರಾಸರಿ ಏಳೆಂಟು ಮಿಲಿಮೀಟರ್. ಅದೇ ನೆಪದಲ್ಲಿ ಬೆಳಿಗ್ಗೆ ಏಳಕ್ಕೂ ಸಂಜೆ ಆರಕ್ಕೂ ಅಳೆದು ನೋಡಿದೆ, ಎಲ್ಲರೂ ಒಂದು ಸೆಂಟಿಮೀಟರಿಗಿಂತ ಮೇಲೆಯೇ ಕುಗ್ಗಿದ್ದರು. ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ದಿನವಿಡೀ ಭಾರಕ್ಕೆ ನೀರು ಬಿಡುತ್ತವೆ, ಅದರಲ್ಲೂ ಎದ್ದ ಮೊದಲ ಒಂದೆರಡು ಗಂಟೆಯಲ್ಲೇ ಹೆಚ್ಚು. ಹಾಸಿಗೆಯಿಂದ ಎದ್ದವನೇ ವೈದ್ಯರ ಮುಂದೆ ನಿಂತ ಆಟಗಾರನಿಗೆ ಪಟ್ಟಿಯಲ್ಲಿ ಅರ್ಧ ಇಂಚು ಬಿಟ್ಟಿ. ನಿಯಮದಲ್ಲಿ ಇಷ್ಟೇ ಹೊತ್ತಿಗೆ ಎಂದು ಹಾಕಿದ್ದರೆ ನನ್ನ ತಪ್ಪಿದ ಹನ್ನೆರಡರಲ್ಲಿ ಮೂರ್ನಾಲ್ಕು ಸರಿಹೋಗುತ್ತಿದ್ದವು ಎಂದು ನನ್ನ ಗುಮಾನಿ.

ತೂಕಕ್ಕೆ ಕೈ ಹಾಕಿ ಸೋತೆ. ಪಟ್ಟಿಯ ತೂಕ ಎತ್ತರಕ್ಕಿಂತ ಅಧ್ವಾನ, 2019ರ ನಿಯಮ ಅದನ್ನು ಮುಟ್ಟಲೇ ಇಲ್ಲ. ಶಕೀಲ್ ಓ'ನೀಲ್ ಪಕ್ಕ 325 ಪೌಂಡ್ ಎಂಬ ಸಂಖ್ಯೆ ವರ್ಷಗಟ್ಟಲೆ ಅಲುಗಾಡಲಿಲ್ಲ, ಕಣ್ಣೆದುರಿನ ದೇಹ ಮಾತ್ರ ಅಲುಗಾಡುತ್ತಲೇ ಇತ್ತು. ಮುಂದಿನ, ಪಕ್ಕದ ಹೊರರೇಖೆ ತೆಗೆದು, ದೇಹವನ್ನು ಬಿಲ್ಲೆಬಿಲ್ಲೆಯಾಗಿ ಮಾಡಿ ಗಾತ್ರ ಕಟ್ಟಿದೆ. ಅಗಲ, ದಪ್ಪ ಎರಡರಲ್ಲೂ ಎರಡು ಪ್ರತಿಶತ ತಪ್ಪಿದರೆ ಗಾತ್ರದಲ್ಲಿ ನಾಲ್ಕು, ಅಂದರೆ 110 ಕಿಲೋದ ಆಟಗಾರನಿಗೆ ನಾಲ್ಕೂವರೆ ಕಿಲೋ. ಅದರ ಮೇಲೆ ಮೊಣಕಾಲು ಮುಚ್ಚುವ ಜೋಲು ಚಡ್ಡಿ. ಚಡ್ಡಿಯೊಳಗೆ ತೊಡೆ ಎಲ್ಲಿದೆ ಎಂದು ಯಾವ ಗಣಿತವೂ ಹೇಳುವುದಿಲ್ಲ. ಬೆವರಿನಲ್ಲೇ ಒಂದು ಆಟಕ್ಕೆ ಎರಡು ಕಿಲೋದ ಆಸುಪಾಸು ಇಳಿಯುವವನಿಗೆ ಯಾವ ಗಂಟೆಯ ತೂಕ ಬರೆಯುವುದು ಎಂಬುದು ಬೇರೆ ಪ್ರಶ್ನೆ. ನಾಲ್ಕು ತಿಂಗಳು ಮತ್ತು ಒಂದು ಹೊಸ ಗ್ರಾಫಿಕ್ಸ್ ಕಾರ್ಡಿನ ದುಡ್ಡು, ಇಪ್ಪತ್ತೆರಡು ಸಾವಿರವಿರಬೇಕು, ಇದರಲ್ಲಿ ಮುಳುಗಿತು.

ಈಗ ನನ್ನ ಹಾಳೆಯ ತೂಕದ ಕಾಲಂನಲ್ಲಿ ಕಂಬೈನ್ ದಿನದ ತೂಕ, ಪಕ್ಕದಲ್ಲಿ ಆ ದಿನದ ತಾರೀಖು. ಕಂಬೈನ್‌ಗೆ ಹೋಗದವರ ಮುಂದೆ ಖಾಲಿ.