ಒರೆಸದ ಸ್ಲೇಟು: ಮೆಮೊರಿಯಲ್ಲಿ ಉಳಿದ ಹಳೇ ಬರಹ ಹಿಡಿಯುವುದು ಹೇಗೆ?

ಸಿ ಭಾಷೆಯಲ್ಲಿ ಮ್ಯಾಲಾಕ್ ಅಂತ ಕರೆದರೆ ಲೈಬ್ರರಿ ನಿಮಗೆ ಮೆಮೊರಿಯಲ್ಲಿ ಜಾಗ ಕೊಡುತ್ತದೆ. ಆದರೆ ಒರೆಸಿ ಕೊಡುವುದಿಲ್ಲ. ಪಕ್ಕದ ಹುಡುಗ ಬರೆದ ಮಗ್ಗಿ ಹಾಗೇ ಇರುವ ಸ್ಲೇಟು ಕೈಗೆ ಬಂದ ಹಾಗೆ. ಅದೇ ಪ್ರೋಗ್ರಾಂ ಆಗಷ್ಟೇ ಪಾಸ್‌ವರ್ಡ್ ಇಟ್ಟು ಬಿಟ್ಟುಕೊಟ್ಟ ಜಾಗವೂ ಅದಾಗಿರಬಹುದು.

ನಂಬಿಕೆ ಬರದಿದ್ದರೆ ಲಿನಕ್ಸ್‌ನಲ್ಲಿ ನೀವೇ ಮಾಡಿ ನೋಡಿ. 64 ಬೈಟ್ ಜಾಗ ಕೇಳಿ. ಅದರಲ್ಲಿ ಉದ್ದನೆಯ ಒಂದು ವಾಕ್ಯ ತುಂಬಿ, ಫ್ರೀ ಮಾಡಿ. ಮತ್ತೆ 64 ಬೈಟ್ ಕೇಳಿ, ಏನೂ ಬರೆಯದೆ, ರೈಟ್ ಕರೆಯಿಂದ ಎಲ್ಲವನ್ನೂ ಪರದೆಗೆ ಕಳಿಸಿ. ಕಂಪೈಲ್ ಮಾಡುವಾಗ ಡೀಬಗ್ ಮಾಹಿತಿ ಇರಲಿ, ಆಪ್ಟಿಮೈಸೇಶನ್ ಬೇಡ. ಈಗಿನ 64 ಬಿಟ್ ಯಂತ್ರದಲ್ಲಿ ಮೊದಲ 16 ಬೈಟ್ ಕೆಟ್ಟಿರುತ್ತವೆ, ಯಾಕೆಂದರೆ ಜಿಲಿಬ್‌ಸಿ (ಬಹುತೇಕ ಲಿನಕ್ಸ್‌ಗಳಲ್ಲಿ ಮ್ಯಾಲಾಕ್ ಇರುವ ಲೈಬ್ರರಿ) ತನ್ನ ಲೆಕ್ಕಾಚಾರವನ್ನು ಅಲ್ಲೇ ಗೀಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಿಮ್ಮ ವಾಕ್ಯದ ಬಾಲ ಎದ್ದು ಕಾಣುತ್ತದೆ. ಪರದೆಯ ಬದಲು ಅದು ನೆಟ್‌ವರ್ಕ್ ಆಗಿದ್ದರೆ?

ಈಗ ಅದೇ ಪ್ರೋಗ್ರಾಂ ಅನ್ನು ವ್ಯಾಲ್‌ಗ್ರಿಂಡ್ ಎಂಬ, ಮೆಮೊರಿ ತಪ್ಪು ಹಿಡಿಯುವ ಟೂಲ್ ಅಡಿಯಲ್ಲಿ ಓಡಿಸಿ. ತುಂಬದ ಬೈಟ್‌ಗಳನ್ನು ರೈಟ್‌ಗೆ ಕೊಟ್ಟಿದ್ದೀರಿ ಅಂತ ಅದು ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಟ್ರ್ಯಾಕ್ ಒರಿಜಿನ್ಸ್ ಆಯ್ಕೆ ಹಾಕಿದರೆ ಆ ಜಾಗ ಯಾವ ಮ್ಯಾಲಾಕ್‌ನಿಂದ ಬಂತು ಅಂತಲೂ ತೋರಿಸುತ್ತದೆ. ಹೀಗೆ ಉಳಿದ ಹಳೇ ಕಸವನ್ನು ಸುಮ್ನೆ ನಕಲು ಮಾಡಿದರೆ ಮಾತ್ರ ಅದು ಬಾಯಿ ಬಿಡುವುದಿಲ್ಲ. ಕಸದ ಮೇಲೆ ತೀರ್ಮಾನ ತೆಗೆದುಕೊಂಡಾಗ, ಇಲ್ಲವೇ ಕಸ ಹೊರಗೆ ಹೊರಟಾಗಲೇ ಕೂಗುವುದು.

ಸರಿಪಡಿಸುವುದು ಸುಲಭ. ಮ್ಯಾಲಾಕ್ ಬದಲು ಕ್ಯಾಲಾಕ್ ಬಳಸಿ, ಅದು ಸೊನ್ನೆ ತುಂಬಿಯೇ ಕೊಡುತ್ತದೆ. ನನಗೆ ಜಾಸ್ತಿ ಸಿಟ್ಟು ಬರುವುದು ಸ್ಟ್ರಕ್ಟ್‌ಗಳ ಮೇಲೆ, ಅಂದರೆ ಹಲವು ವೇರಿಯಬಲ್‌ಗಳನ್ನು ಒಟ್ಟಿಗೆ ಕಟ್ಟಿದ ಗಂಟಿನ ಮೇಲೆ. 1 ಬೈಟ್‌ನ ಒಂದು ಕ್ಯಾರ್, 4 ಬೈಟ್‌ನ ಒಂದು ಇಂಟ್ ಸೇರಿದರೆ 5 ಬೈಟ್ ಅಲ್ವಾ? ಸಾಮಾನ್ಯವಾಗಿ 8 ಆಗುತ್ತದೆ, ಯಾಕೆಂದರೆ ಇಂಟ್ ಅನ್ನು ಸರಿಯಾದ ವಿಳಾಸದಲ್ಲಿ ಕೂರಿಸಲು ಕಂಪೈಲರ್ ನಡುವೆ ಜಾಗ ಬಿಡುತ್ತದೆ. ಎರಡನ್ನೂ ನೀಟಾಗಿ ತುಂಬಿದರೂ ನಡುವಿನ 3 ಬೈಟ್‌ನಲ್ಲಿ ಹಳೇ ಕಸ ಉಳಿಯಬಹುದು. ಅದಕ್ಕೇ ಮೊದಲು ಮೆಮ್‌ಸೆಟ್‌ನಿಂದ ಇಡೀ ಸ್ಟ್ರಕ್ಟ್ ಒರೆಸಿ, ಆಮೇಲೆ ತುಂಬಿ. ಜಿಸಿಸಿ ಕಂಪೈಲರ್‌ನ 12ನೇ ಆವೃತ್ತಿಯಿಂದ ಸ್ಟ್ಯಾಕ್‌ನ (ಫಂಕ್ಷನ್ ಒಳಗಿನ) ವೇರಿಯಬಲ್‌ಗಳಿಗೆ ತಾನೇ ಸೊನ್ನೆ ತುಂಬುವ ಆಯ್ಕೆ ಇದೆ. ಮ್ಯಾಲಾಕ್ ಕೊಟ್ಟ ಜಾಗಕ್ಕೆ ಅದು ಉಪಯೋಗಕ್ಕಿಲ್ಲ.

ಎಚ್ಚರಿಕೆ ಬಂತು ಅಂತ ಸಾಲನ್ನೇ ಕಿತ್ತು ಹಾಕಬೇಡಿ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಸಿಸ್ಟಂನಲ್ಲಿ ಆದದ್ದು ಅದೇ. ಗುಪ್ತ ಕೀಲಿಗಳನ್ನು ಮಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ, ಅದಕ್ಕೆ ಬೇಕಾದ ರ್‍ಯಾಂಡಮ್ ಸಂಖ್ಯೆ ಹುಟ್ಟಿಸುವಾಗ ತುಂಬದ ಮೆಮೊರಿಯನ್ನೂ ಬೇಕೆಂದೇ ಬೆರೆಸುತ್ತಿತ್ತು. ವ್ಯಾಲ್‌ಗ್ರಿಂಡ್ ಗೊಣಗಿತು. ಗೊಣಗಾಟ ನಿಲ್ಲಿಸಲು ನೋಡಲು ಒಂದೇ ಥರ ಇದ್ದ ಎರಡು ಸಾಲುಗಳನ್ನು ತೆಗೆದರು. ಒಂದು ಹೋಗಿದ್ದರೆ ನಷ್ಟವಿರಲಿಲ್ಲ. ಇನ್ನೊಂದು ಮಾತ್ರ ರ್‍ಯಾಂಡಮ್ ಬೀಜವೆಲ್ಲ ಒಳಗೆ ಬರುತ್ತಿದ್ದ ಬಾಗಿಲು. ಉಳಿದದ್ದು ಓಡುವ ಪ್ರೋಗ್ರಾಂಗೆ ಲಿನಕ್ಸ್ ಕೊಡುವ ಪ್ರೋಸೆಸ್ ಸಂಖ್ಯೆಯೊಂದೇ, ಅದೂ ಹೆಚ್ಚೆಂದರೆ 32,768 ಬಗೆ. ಒಂದೊಂದಾಗಿ ಹಾಕಿ ನೋಡಿದರೆ ಕೀಲಿ ಸಿಕ್ಕೇ ಸಿಗುತ್ತದೆ.

ಡೆಬಿಯನ್ ಡೆವಲಪರ್ ಲುಸಿಯಾನೊ ಬೆಲ್ಲೊ ಇದನ್ನು ಪತ್ತೆ ಮಾಡಿದರು. 2008ರ ಮೇ 13ರಂದು ಡೆಬಿಯನ್ ಪ್ರಕಟಣೆ ಹೊರಡಿಸಿತು. ಡೆಬಿಯನ್ ಆಧರಿಸಿದ ಉಬುಂಟು ಕೂಡ ಸಿಕ್ಕಿಬಿದ್ದಿತ್ತು. ಲೈಬ್ರರಿ ಅಪ್‌ಡೇಟ್ ಮಾಡಿದರೆ ಸಾಲುತ್ತಿರಲಿಲ್ಲ. ಆ ಎರಡು ವರ್ಷಗಳಲ್ಲಿ ಹುಟ್ಟಿದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ) ಕೀಲಿಗಳು ಬೇರೆ ಬೇರೆ ಸಿಸ್ಟಂಗಳ ಸರ್ವರ್‌ಗಳಿಗೂ ಹೋಗಿ ಕೂತಿದ್ದವು. ಅವನ್ನು ಒಂದೊಂದಾಗಿ ಹುಡುಕಿ, ಅಳಿಸಿ, ಹೊಸದು ಮಾಡಬೇಕಾಯಿತು.